ಅದಿರಿನೊಡನೆ ಸಾಗಿದ ದುಡಿಮೆ

ಹಂಪೆಯ ಪರಿಸರದಲ್ಲಿ, ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಗೆ ಗಾಣಿಗಿತ್ತಿ ಬಸದಿ ಇದೆ. ದಂಡನಾಯಕ ಇರುಗಪ್ಪನು ಇದನ್ನು ಕುಂಥುನಾಥ ತೀರ್ಥಂಕರರಿಗೆ ಕಟ್ಟಿಸಿದನೆಂದು ಅಲ್ಲಿನ ಕಂಬದ 1385-86ರ ಶಾಸನ ತಿಳಿಸುತ್ತದೆ. ಕುಂಥುನಾಥರು ಚಕ್ರವರ್ತಿಯಾಗಿದ್ದು ಸಾಮ್ರಾಜ್ಯವನ್ನೇ ತೊರೆದವರು.

ಈ ಬಸದಿಯ ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಬೆಟ್ಟಗಳಿವೆ. 2000ದ ನಂತರ ಚೀನಾದ ಉಕ್ಕಿನ ಕುಲುಮೆಗಳ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆ ಸುತ್ತಿನ ಕೆಲವು ರೈತರು ಹೊಲಗಳನ್ನೂ ಅಗೆಯಲು ಕೊಟ್ಟರು. ಲಾರಿಗಳು ಹಗಲಿರುಳು ಬಂದರುಗಳತ್ತ ಓಡಿದವು. ಅದಿರಿನೊಡನೆ ಅದನ್ನು ಕರಗಿಸಿ ಸರಕಾಗಿಸುವ ದುಡಿಮೆಯೂ ಹೊರದೇಶಕ್ಕೆ ಸಾಗಿತು. ನಾಡಿಗೆ ಉಳಿದದ್ದು ಅಗೆಯುವ, ಹೊರುವ ಕೆಲಸ.

ಅದೂ ಬಾಳಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೇ ತಡೆಯೊಡ್ಡಿತು. ಲಾರಿ ಚಾಲಕರು, ಕ್ಲೀನರುಗಳು, ಗ್ಯಾರೇಜಿನ ಕೆಲಸಗಾರರು ಕೈಕಟ್ಟಿ ಕುಳಿತರು. ಅಗೆದ ಹೊಲದಲ್ಲಿ ಮತ್ತೆ ಬಿತ್ತುವುದು ಸುಲಭವಾಗಿರಲಿಲ್ಲ. ಕಂಪ್ಲಿಯ ಗದ್ದೆಗಳಾದರೋ ತುಂಗಭದ್ರೆಯ ನೀರುಂಡು ಭತ್ತ ಬೆಳೆಯುತ್ತಲೇ ಇದ್ದವು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಅದೇ ಅದಿರು ಉಕ್ಕಾಗುವಾಗ ಅದರ ಕೂಲಿಯಾದರೂ ನಾಡಿನಲ್ಲಿ ಉಳಿಯುತ್ತದೆ. 2022ರಲ್ಲಿ ನ್ಯಾಯಾಲಯವು ರಫ್ತಿಗೆ ಮತ್ತೆ ಅವಕಾಶ ನೀಡಿರುವುದರಿಂದ ಈ ವಿಚಾರ ಹಳೆಯದಾಗಿಲ್ಲ.

ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಅಗೆಯುವ ಸ್ಫೋಟಕರ್ಮವೂ ಒಂದು. ಕಬ್ಬಿಣವನ್ನು ಬಳಸದ ಮನೆ ಇಂದು ಇಲ್ಲ. ಆದುದರಿಂದ ಗಣಿಯವರನ್ನಷ್ಟೇ ದೂರಿ ಫಲವಿಲ್ಲ. ಪರಿಗ್ರಹ ಪರಿಮಾಣ ವ್ರತವು ಎಲ್ಲರಿಂದಲೂ ಬಯಸುವುದು ಮಿತಿಯನ್ನು. ಎಷ್ಟು ಅಗೆಯಬೇಕು, ಅದರ ದುಡಿಮೆ ಯಾರ ಪಾಲಾಗಬೇಕು ಎಂಬುದನ್ನು ಲಾಭ ಕಣ್ಣಿಗೆ ಬೀಳುವ ಮೊದಲೇ ನಿಶ್ಚಯಿಸಿಕೊಳ್ಳುವುದು ವ್ರತ. ನ್ಯಾಯಾಲಯ ತಡೆದ ಮೇಲೆ ನಿಲ್ಲುವುದು ವ್ರತವೆನಿಸದು.