ನಾನಿಯ ಚಹರೆ

ನಮ್ಮ ನಾನಿಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಅವರು ಎಂದೂ ಕ್ಯಾಮೆರಾದ ಎದುರು ನಿಂತವರಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ‘ನಿನ್ನ ಮೂಗು ಥೇಟ್ ನಿನ್ನ ನಾನಿಯದೇ’ ಎಂದು ಅಮ್ಮಿ ಹೇಳುತ್ತಿದ್ದರು. ಖಾಲಾ ಒಪ್ಪುತ್ತಿರಲಿಲ್ಲ. ಮೂಗು ದಾದಿಯ ಕಡೆಯದು, ಹುಬ್ಬು ಮಾತ್ರ ನಾನಿಯದು ಎಂದು ಅವರ ವಾದ.

ಡಿಎನ್‌ಎ ನೋಡಿ ಮುಖ ಬರೆಯುವ ಕಂಪ್ಯೂಟರ್ ಬಂದಿದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ನಾನಿಯೇ. ನನ್ನೊಳಗಿನ ಡಿಎನ್‌ಎಯಲ್ಲಿ ಸುಮಾರು ಕಾಲುಭಾಗ ಅವರದಲ್ಲವೇ?

ಬಹಳ ಜನರ ಡಿಎನ್‌ಎ ಮತ್ತು ಮುಖದ ಚಿತ್ರಗಳನ್ನು ಒಟ್ಟಿಗೆ ಕೊಟ್ಟರೆ ಯಂತ್ರ ಅವೆರಡರ ನಂಟನ್ನು ಕಲಿಯುತ್ತದೆ. ಕಣ್ಣು ನೀಲಿಯೋ ಕಂದೋ ಎಂಬುದನ್ನು ಚೆನ್ನಾಗಿಯೇ ಹೇಳುತ್ತದೆ. ಅದರಲ್ಲಿ ಕೆಲವೇ ಜೀನ್‌ಗಳ ಪಾತ್ರ ದೊಡ್ಡದು. ಮೂಗು, ಗಲ್ಲ, ಕೆನ್ನೆಗಳ ಮಾತು ಬೇರೆ. ಮುಖದ ಆಕಾರಕ್ಕೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಜಾಗಗಳು ಡಿಎನ್‌ಎಯಲ್ಲಿ ಈಗಾಗಲೇ ಸಿಕ್ಕಿವೆ, ಒಂದೊಂದರ ಪಾಲೂ ಸಾಸಿವೆಯಷ್ಟು. ಹಾಗಾಗಿ ಯಂತ್ರ ಹೆಚ್ಚಾಗಿ ವಂಶದ ಮೂಲವನ್ನೂ ಗಂಡೋ ಹೆಣ್ಣೋ ಎಂಬುದನ್ನೂ ಹಿಡಿದು, ಆ ಜನರ ಸರಾಸರಿಗೆ ಹತ್ತಿರದ ಮುಖವೊಂದನ್ನು ಕೊಡುತ್ತದೆ.

ಕೆನಡಾದ ಎಡ್ಮಂಟನ್ ಪೊಲೀಸರು 2022ರ ಅಕ್ಟೋಬರ್‌ನಲ್ಲಿ ಅಂಥ ಚಿತ್ರವೊಂದನ್ನು ಊರಿಗೆಲ್ಲ ತೋರಿಸಿದರು. 2019ರಲ್ಲಿ ಅಲ್ಲಿ ಮಹಿಳೆಯೊಬ್ಬರ ಮೇಲೆ ಭೀಕರ ಲೈಂಗಿಕ ದೌರ್ಜನ್ಯ ನಡೆದಿತ್ತು, ಅಪರಾಧಿ ಸಿಕ್ಕಿರಲಿಲ್ಲ. ಆಕೆಗೆ ನ್ಯಾಯ ಸಿಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ ಪ್ಯಾರಾಬಾನ್ ಕಂಪನಿ ಡಿಎನ್‌ಎಯಿಂದ ತಯಾರಿಸಿದ ಚಿತ್ರದಲ್ಲಿದ್ದವನು ಯಾವನೋ ಒಬ್ಬ ಕಪ್ಪು ಯುವಕ. ವಯಸ್ಸು 25, ಮಧ್ಯಮ ಮೈಕಟ್ಟು ಎಂದು ಕಂಪನಿಯೇ ಊಹಿಸಿಕೊಂಡಿತ್ತು. ಇದರಿಂದ ಊರಿನ ಕಪ್ಪು ಯುವಕರೆಲ್ಲ ಶಂಕಿತರಾಗುವುದಿಲ್ಲವೇ ಎಂದು ಜನ ಕೇಳಿದರು. ಎರಡೇ ದಿನಗಳಲ್ಲಿ ಪೊಲೀಸರು ಚಿತ್ರ ತೆಗೆದು ಕ್ಷಮೆ ಕೋರಿದರು.

ಇದು ನನಗೆ ದೂರದ ಸುದ್ದಿ ಅನ್ನಿಸಲಿಲ್ಲ. ಬಾಡಿಗೆ ಮನೆ ಹುಡುಕುತ್ತಿದ್ದಾಗ ಫೋನಿನಲ್ಲಿ ಹೆಸರು ಕೇಳಿದೊಡನೆ ನನ್ನ ಮುಖವನ್ನು ಊಹಿಸಿಕೊಂಡು, ‘ಮನೆ ಆಗಲೇ ಕೊಟ್ಟಾಯ್ತು’ ಎಂದವರಿದ್ದಾರೆ. ಅವರ ಬಳಿ ಯಾವ ಯಂತ್ರವೂ ಇರಲಿಲ್ಲ.

ಉರ್ದುವಿನ ‘ಚೆಹರಾ’ ಕನ್ನಡಕ್ಕೆ ಬಂದು ‘ಚಹರೆ’ಯಾಗಿದೆ. ಕಾಣೆಯಾದವರ ಪ್ರಕಟಣೆಯಲ್ಲಿ ಚಹರೆ ಎಂದರೆ ಎಡಗೆನ್ನೆಯ ಮಚ್ಚೆ, ಹಣೆಯ ಗಾಯದ ಗುರುತು. ಒಬ್ಬರನ್ನು ಸಾವಿರ ಜನರಿಂದ ಬೇರೆ ಮಾಡಿ ತೋರಿಸುವಂಥದ್ದು. ಯಂತ್ರದ ಚಹರೆಯಲ್ಲಿ ಅದೇ ಇಲ್ಲ.

ನಾನಿಯ ಗಲ್ಲದ ಮೇಲೆ ಕಾದ ಎಣ್ಣೆ ಸಿಡಿದ ಕಲೆಯೊಂದಿತ್ತಂತೆ. ಮೂಗು, ಹುಬ್ಬುಗಳ ಬಗ್ಗೆ ಜಗಳವಾಡುತ್ತಿದ್ದ ಅಮ್ಮಿಗೂ ಖಾಲಾಗೂ ಅದೊಂದರಲ್ಲಿ ತಕರಾರಿರಲಿಲ್ಲ. ಆ ಕಲೆ ನನ್ನ ರಕ್ತದಲ್ಲಿ ಸಿಗುವುದಿಲ್ಲ. ಅಮ್ಮಿ ಈಗಿಲ್ಲ. ಖಾಲಾ ಇರುವಾಗಲೇ ಅವರ ಹತ್ತಿರ ಕೂತು, ಕೇಳಿ ಬರೆದಿಟ್ಟುಕೊಳ್ಳಬೇಕು.