ಜಗಲಿಯ ಮೇಲಣ ಪಿಸ್ತೂಲು

ಚಿಟಗುಪ್ಪದ ನಮ್ಮ ಹಳೆಯ ಮನೆಯ ದೇವರ ಜಗಲಿಯ ಮೇಲೆ ಚಕಮಕಿ ಕಲ್ಲಿನ ಪಿಸ್ತೂಲೊಂದಿದೆ. ಮಹಾನವಮಿಯಂದು ಕುಡ, ಕುಡುಗೋಲುಗಳೊಡನೆ ಅದಕ್ಕೂ ವಿಭೂತಿ ಧರಿಸಿ, ಊದಿನಕಡ್ಡಿ ಬೆಳಗುವುದು ನಮ್ಮ ಮನೆತನದ ವಾಡಿಕೆ. ಅದರ ಬೆರಳಿನಿಂದೆಳೆಯುವ ಕೀಲು ಸಡಿಲಗೊಂಡು ಲಟಲಟನೆ ಅಲುಗುತ್ತಿತ್ತು. ಮೊಮ್ಮಕ್ಕಳಿಗೆ ಅದೊಂದು ಗಿಲಕಿ! ಬಿಗಿ ಮಾಡಿಸೋಣವೆಂದು ಪರವಾನಗಿಯುಳ್ಳ ಬಂದೂಕು ಮಿಸ್ತ್ರಿಯೊಬ್ಬರ ಬಳಿಗೆ ಒಯ್ದೆನು.

ಆ ವೃದ್ಧರು ಕೀಲನ್ನು ಮುಟ್ಟಲೇ ಇಲ್ಲ. ಮೊದಲು ನಳಿಗೆಯೊಳಗೆ ಗಜವನ್ನು ಇಳಿಸಿ, ಬಾಯಿಯ ಬಳಿ ಉಗುರಿನಿಂದ ಗುರುತು ಹಿಡಿದು, ಹೊರಗಿಟ್ಟು ಅಳೆದರು. ಗಜದ ತುದಿ ರಂಜಕದ ಕಿವಿಯನ್ನು ತಲುಪದೆ ಎರಡು ಬೆರಳು ಹಿಂದೆಯೇ ನಿಂತಿತ್ತು.

"ಯಜಮಾನ್ರೇ, ಇದು ಭರ್ತಿ ಅದರಿ" ಎಂದರು.

ನನ್ನ ಕೈಕಾಲು ತಣ್ಣಗಾದವು. ಕರಿಮದ್ದು ಒಣಗಿದ್ದರೆ ಎಷ್ಟು ಕಾಲವಾದರೂ ಕೆಡುವುದಿಲ್ಲವಂತೆ. ಆ ಕಿವಿಯ ಪಕ್ಕದಲ್ಲಿಯೇ ಅಲ್ಲವೆ, ನಾವು ವರುಷ ವರುಷ ಊದಿನಕಡ್ಡಿ ಸಿಕ್ಕಿಸುತ್ತಿದ್ದುದು!

ನೀರೆರೆದು ಮದ್ದನ್ನು ನೆನೆಸಿ, ತಿರುಪಿನ ಮೊನೆಯಿಂದ ಅರಿವೆ, ಸೀಸದ ಗುಂಡು, ಮದ್ದಿನ ಕರಿಯ ಕೆಸರನ್ನು ಅವರು ಹೊರತೆಗೆದರು. ಕೀಲಿನ ದುರಸ್ತಿ ಅಲ್ಪ ಕೆಲಸ: ಮರದಲ್ಲಿ ಸವೆದಿದ್ದ ಮೊಳೆಯ ರಂಧ್ರಕ್ಕೆ ಗಟ್ಟಿಮರದ ಬೆಣೆ ತುಂಬಿ, ಹೊಸದಾಗಿ ಕೊರೆದು, ಹೊಸ ಮೊಳೆ ಹಾಕಿದರು. ಕುದುರೆ ಕೆಳಗಿಳಿದಿರುವಾಗ ಇಂತಹ ಪಿಸ್ತೂಲುಗಳ ಕೀಲು ತುಸು ಅಲುಗುವುದು ಸಹಜವೆಂದೂ, ಅದನ್ನು ಪೂರ್ಣ ಬಿಗಿಯಬಾರದೆಂದೂ ತಿಳಿಸಿದರು. ಕುದುರೆಯ ದವಡೆಯಿಂದ ಚಕಮಕಿ ಕಲ್ಲನ್ನು ನಾನೇ ತೆಗೆಸಿದೆನು.

ಇನ್ನು ಆ ಗುಂಡಿನ ವಿಷಯ. 1948ರಲ್ಲಿ, ರಜಾಕಾರರ ಹಾವಳಿಯ ದಿನಗಳಲ್ಲಿ, ನಮ್ಮ ಮುತ್ಯಾ ಇದನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ತಲಬಾಗಿಲಲ್ಲಿ ಕುಳಿತಿರುತ್ತಿದ್ದರಂತೆ. ಸಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ ಹುಮನಾಬಾದ ಮಾರ್ಗವಾಗಿ ಹೈದರಾಬಾದಿನತ್ತ ಸಾಗುವವರೆಗೂ ಆ ಕಾವಲು ತಪ್ಪಲಿಲ್ಲ. ಒಂದು ರಾತ್ರಿ ಗುಂಡು ಹಾರಿಸಿ ದುರುಳರನ್ನು ಓಡಿಸಿದರೆಂಬುದು ಮನೆಯ ಕಥೆ. ಮಠದ ಪ್ರಸಾದನಿಲಯದಲ್ಲಿದ್ದಾಗ ನಾನೂ ಅದನ್ನು ಸಹಪಾಠಿಗಳ ಮುಂದೆ ಅಭಿನಯಪೂರ್ವಕ ಹೇಳಿ ಮೆಚ್ಚುಗೆ ಗಳಿಸಿದ್ದುಂಟು.

ಹಾರಿಸಿದ ಮೇಲೆ ಮತ್ತೆ ತುಂಬಿರಬಹುದೆಂದು ತಮ್ಮ ವಾದಿಸುತ್ತಾನೆ. ಆಗಬಹುದು. ಆದರೆ ನಮ್ಮ ಅವ್ವ ಬದುಕಿದ್ದಾಗ ಈ ಕಥೆ ಬಂದೊಡನೆ ಎದ್ದು ಒಳಗೆ ಹೋಗುತ್ತಿದ್ದಳು. "ಮುತ್ಯಾನ ಕೈ ನಡುಗುತ್ತಿತ್ತು" ಎಂದು ಒಮ್ಮೆ ಮಾತ್ರ ಅಂದಿದ್ದಳು. ನಡುಗುವ ಕೈಯಿಂದಲೇ ಅಷ್ಟು ರಾತ್ರಿಗಳನ್ನು ಕಾದ ಮುತ್ಯಾ ಈಗ ನನಗೆ ಹೆಚ್ಚು ಹತ್ತಿರದವರೆನಿಸುತ್ತಾರೆ.

ಈ ಸಲದ ಮಹಾನವಮಿಗೆ ಮೊಮ್ಮಕ್ಕಳು ಕಥೆ ಕೇಳಿದರು. ಸೀಸದ ಗುಂಡನ್ನು ಅವರ ಅಂಗೈಯಲ್ಲಿಟ್ಟು, ನಡೆದಷ್ಟನ್ನೇ ಹೇಳಿದೆನು.