ಸೇವೆಯೂ ಆತಿಥ್ಯವೂ

ಕೊಡುವವನ ಕೈ ಮೇಲು, ಪಡೆಯುವವನ ಕೈ ಕೆಳಗು ಎಂಬುದು ಲೋಕರೂಢಿಯ ಮಾತು. ಆತಿಥ್ಯದ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರು ಈ ರೂಢಿಯನ್ನು ತಿರುವಿಹಾಕಿದರು. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿಯೆಂದು ಕೆಲವರು ಆ ಪದವನ್ನು ಬಿಡಿಸುವರು; ಒಂದು ರಾತ್ರಿ ಮಾತ್ರ ತಂಗುವವನು, ನಿತ್ಯವಾಗಿ ನಿಲ್ಲದವನು ಎಂದು ಮನುಸ್ಮೃತಿಯ ವಿವರಣೆ. ಹೇಗೆ ಬಿಡಿಸಿದರೂ ಅವನು ಹಸಿದು ಬಂದವನು, ಪಡೆಯುವವನು. ಆದರೂ ಪೂಜೆ ಸಲ್ಲುವುದು ಅವನಿಗೇ. ಹಾಗಾದರೆ ಕೊಡುವುದಕ್ಕಾಗಿಯೇ ಕಡಲು ದಾಟಿ ಹೋಗಿ, ಹತ್ತು ದಿನ ಪರರ ಊರಿನಲ್ಲಿ ತಂಗಿ, ಹಿಂದಿರುಗುವವನನ್ನು ನಾವು ಏನೆಂದು ಕರೆಯಬೇಕು? ಅವನು ದಾನಿಯೆ, ಅತಿಥಿಯೆ? ಈ ಪ್ರಶ್ನೆಯನ್ನು ನನ್ನ ಹಳೆಯ ಶಿಷ್ಯನೊಬ್ಬನು ನನ್ನ ಮುಂದೆ ತಂದಿಟ್ಟನು.

ಪಾಶ್ಚಾತ್ಯ ದೇಶಗಳ ಕ್ರೈಸ್ತಸಭೆಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ತರುಣರು ಬೇಸಗೆಯ ರಜೆಯಲ್ಲಿ ಒಂದೆರಡು ವಾರಗಳ ಮಟ್ಟಿಗೆ ಬಡದೇಶಗಳಿಗೆ ಹೋಗಿ ಸೇವೆಮಾಡಿ ಬರುವ ಪದ್ಧತಿಯೊಂದು ಬೆಳೆದಿದೆ. ೧೯೫೭ರಲ್ಲಿ ಜಾರ್ಜ್ ವರ್ವರ್ ಎಂಬ ವಿದ್ಯಾರ್ಥಿಯು ಇಬ್ಬರು ಗೆಳೆಯರೊಡನೆ ಸುವಾರ್ತಾಪುಸ್ತಕಗಳನ್ನು ಹೊತ್ತು ಮೆಕ್ಸಿಕೋ ದೇಶಕ್ಕೆ ಹೋದುದನ್ನು ಈ ಪದ್ಧತಿಯ ಆರಂಭಕಾಲದ ಒಂದು ನಿದರ್ಶನವೆಂದು ಹೇಳಬಹುದು. ಅಂದು ಮೂವರು. ೨೦೦೯ರಲ್ಲಿ ರಾಬರ್ಟ್ ವುತ್ನೋ ಎಂಬ ವಿದ್ವಾಂಸರು ಪ್ರಕಟಿಸಿದ ಗ್ರಂಥದ ಅಂದಾಜಿನಂತೆ, ಅಮೆರಿಕದ ಸಭೆಗಳಿಂದಲೇ ವರ್ಷಕ್ಕೆ ಸುಮಾರು ೧೬ ಲಕ್ಷ ಜನರು ಹೀಗೆ ಹೋಗಿಬರುತ್ತಿದ್ದರು.

ನಾನು ಹೇಳಹೊರಟ ತರುಣನು ಧಾರವಾಡದವನು. ನಾಲ್ಕು ತಲೆಗಳಿಂದ ಕ್ರೈಸ್ತರಾದ ಮನೆತನ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಬಳಿ ಸಂಸ್ಕೃತವನ್ನು ಓದಿದನು. ಶಬ್ದರೂಪಗಳನ್ನು ಕೀರ್ತನೆಯ ಧಾಟಿಯಲ್ಲಿ ಹಾಡಿ ಬಾಯಿಪಾಠ ಮಾಡುತ್ತಿದ್ದನು. ಮುಂದೆ ಯಂತ್ರಶಾಸ್ತ್ರದ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗಿ, ಅಲ್ಲಿಯೇ ಉದ್ಯೋಗಕ್ಕೆ ನಿಂತನು. ೨೦೨೨ರ ಜುಲೈ ತಿಂಗಳಲ್ಲಿ ಅವನ ಸಭೆಯ ಹನ್ನೆರಡು ಮಂದಿ ಹೊಂಡುರಾಸ್ ದೇಶಕ್ಕೆ ಮನೆ ಕಟ್ಟಿಕೊಡಲು ಹೊರಟಾಗ ಇವನೂ ಹೊರಟನು. ತಲೆಗೆ ಎರಡು ಸಾವಿರ ಡಾಲರುಗಳಷ್ಟು ಕೂಡಿಸಬೇಕಾಗಿತ್ತು. ಅದರಲ್ಲಿ ಒಂದು ಭಾಗವನ್ನು, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಿದ್ದ ಅವನ ತಾಯಿಯು ತನ್ನ ಉಳಿತಾಯದಿಂದ ತೆಗೆದು ಕಳುಹಿಸಿದಳು. ಮಗನು ದೇವರ ಕೆಲಸಕ್ಕೆ ಹೋಗುವನೆಂಬುದು ಆಕೆಯ ಹಿಗ್ಗು.

ಹೊಂಡುರಾಸ್ ಮಧ್ಯ ಅಮೆರಿಕದ ಒಂದು ಚಿಕ್ಕ ದೇಶ. ಕೊಲಂಬಸನು ೧೫೦೨ರಲ್ಲಿ ಅದರ ಕರಾವಳಿಯನ್ನು ಮುಟ್ಟಿದನು. ಆಮೇಲೆ ಸ್ಪೇನಿನವರ ಆಳಿಕೆಯೂ ಭಾಷೆಯೂ ಮತವೂ ಅಲ್ಲಿ ಬೇರೂರಿದುವು. ಆಳಿಕೆ ಹೋಯಿತು, ಉಳಿದೆರಡು ಉಳಿದುವು. ಆದ್ದರಿಂದ ಮತಾಂತರದ ವಾದವನ್ನು ವಾಚಕರು ಈ ಪ್ರಸಂಗಕ್ಕೆ ತರಬೇಕಾಗಿಲ್ಲ. ಹೋದವರೂ ಕ್ರೈಸ್ತರು, ಬರಮಾಡಿಕೊಂಡವರೂ ಕ್ರೈಸ್ತರು. ೨೦೨೦ರ ನವೆಂಬರಿನಲ್ಲಿ ‘ಏಟಾ’, ‘ಅಯೋಟಾ’ ಎಂಬ ಎರಡು ಚಂಡಮಾರುತಗಳು ಎರಡೇ ವಾರಗಳ ಅಂತರದಲ್ಲಿ ಆ ನಾಡನ್ನು ಬಡಿದುವು. ಬಯಲಿನಲ್ಲಿ ಪ್ರವಾಹ, ಬೆಟ್ಟಗಳಲ್ಲಿ ಭೂಕುಸಿತ. ಮನೆ ಕಳೆದುಕೊಂಡವರಲ್ಲಿ ಅನೇಕರು ಎರಡು ವರ್ಷಗಳಾದರೂ ತಗಡಿನ ಮರೆಯಲ್ಲಿಯೇ ಇದ್ದರು.

ಇವರ ತಂಡವು ಸಾನ್ ಪೆದ್ರೊ ಸೂಲಾ ನಗರದಲ್ಲಿ ವಿಮಾನದಿಂದಿಳಿದು, ಮೂರು ಗಂಟೆ ಬೆಟ್ಟದ ದಾರಿಯಲ್ಲಿ ಸಾಗಿ, ಕಾಫಿಯ ತೋಟಗಳ ನಡುವಣ ಒಂದು ಹಳ್ಳಿಯನ್ನು ಸೇರಿತು. ಹನ್ನೆರಡು ಜನರಲ್ಲಿ ಕಂದುಬಣ್ಣದವನು ಇವನೊಬ್ಬನೇ. ಹಳ್ಳಿಯವರು ಇವನನ್ನು ತಮ್ಮ ನಾಡಿನವನೆಂದೇ ತಿಳಿದು, ಉಳಿದವರನ್ನು ಬಿಟ್ಟು ಇವನೊಡನೆಯೇ ಮಾತಿಗೆ ತೊಡಗಿದರು. ಅವನಿಗೆ ಆ ಭಾಷೆ ಬಾರದು. ಕೈಸನ್ನೆಯಿಂದ, ನಗೆಯಿಂದ ಕಾಲ ನೂಕಿದನು. ಮನೆಯೊಡತಿಯು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಿಸಿದ ಗೋವಿನಜೋಳವನ್ನು ಬೀಸಿ, ಹಿಟ್ಟನ್ನು ಅಂಗೈಗಳ ನಡುವೆ ತಟ್ಟಿ ರೊಟ್ಟಿ ಮಾಡುತ್ತಿದ್ದಳು. ಬೆಳಗಿನ ಜಾವದಲ್ಲಿ ಆ ತಟ್ಟುವ ಸದ್ದನ್ನು ಕೇಳಿ ಎಚ್ಚರವಾದಾಗ, ತಾನು ಧಾರವಾಡದ ತನ್ನ ಅಜ್ಜಿಯ ಮನೆಯಲ್ಲಿ ಮಲಗಿದ್ದೇನೆಂದು ಕ್ಷಣಕಾಲ ಭ್ರಮಿಸಿದೆನೆಂದು ಅವನು ಹೇಳಿದನು. ಹೊಟ್ಟೆ ಕೆಟ್ಟೀತೆಂಬ ಭಯದಿಂದ ತಂಡದವರು ಅಮೆರಿಕದಿಂದ ತಂದ ಪೊಟ್ಟಣದ ಆಹಾರವನ್ನೇ ತಿನ್ನುತ್ತಿದ್ದರು. ಇವನು ಮಾತ್ರ ರೊಟ್ಟಿಯನ್ನೂ ಕೆಂಪು ಹುರುಳಿಕಾಯಿಯ ಬೀಜದ ಗೊಜ್ಜನ್ನೂ ಉಂಡನು.

ಕೆಲಸವೇನೋ ಸಾಗಿತು. ಸಿಮೆಂಟು ಕಲಸುವುದು, ಇಟ್ಟಿಗೆ ಸಾಗಿಸುವುದು, ಮಳೆ ಬಂದಾಗ ತಾಡಪಾಲಿನ ಕೆಳಗೆ ನಿಂತು ಹಾಡುವುದು. ಹನ್ನೆರಡು ಮಂದಿ ಮಾಡುವ ಕೆಲಸವನ್ನು ಊರಿನ ಗೌಂಡಿಯೊಬ್ಬನು ಇಬ್ಬರು ಆಳುಗಳೊಡನೆ ಮಾಡಬಲ್ಲನೆಂಬುದು ಮೊದಲ ದಿನವೇ ತಿಳಿದಿತ್ತು. ಸೇವೆಯ ಹುರುಪಿನಲ್ಲಿ ಅದನ್ನು ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಆರನೆಯ ದಿನ ಮಧ್ಯಾಹ್ನ ಆ ಗೌಂಡಿಯು ಇವನ ಪಕ್ಕದಲ್ಲಿ ಕುಳಿತು ಏನನ್ನೋ ಹೇಳತೊಡಗಿದನು. ಮಾತಿನ ಪ್ರವಾಹದಲ್ಲಿ ಒಂದು ಶಬ್ದ ಇವನ ಕಿವಿಗೆ ತಗುಲಿ ನಿಂತಿತು: ‘ಪಾಗಾ’. ನಮ್ಮ ಕಡೆ ಸಂಬಳಕ್ಕೆ ‘ಪಗಾರ’ ಎನ್ನುತ್ತೇವಷ್ಟೆ? ಅದು ಪೋರ್ತುಗೀಜರಿಂದ ಬಂದ ಮಾತು. ಅವರ ನುಡಿಯೂ ಸ್ಪೇನಿನ ನುಡಿಯೂ ಒಡಹುಟ್ಟಿದ ಅಕ್ಕತಂಗಿಯರು. ಆ ಎಳೆಯನ್ನು ಹಿಡಿದು, ಬೆರಳು ಮಡಿಸಿ ಎಣಿಸಿ, ಕೇಳಿ ಕೇಳಿ ತಿಳಿದಾಗ ಸಂಗತಿ ಹೊರಬಿದ್ದಿತು. ಮೇ ತಿಂಗಳ ಕೊನೆಗೇ ತಳಪಾಯ ಮುಗಿದಿತ್ತು. ಇಟ್ಟಿಗೆ, ಮರಳು, ಸಿಮೆಂಟು ಎಲ್ಲವೂ ಸಿದ್ಧವಾಗಿದ್ದುವು. ಆದರೆ ಜುಲೈಯಲ್ಲಿ ಅತಿಥಿಗಳು ಬರುವರು, ಅವರಿಗೆ ಕೆಲಸ ಉಳಿದಿರಬೇಕು ಎಂದು ಗೋಡೆಯನ್ನು ನಿಲ್ಲಿಸಿದ್ದರು. ಗೌಂಡಿಗೆ ಮೂರು ವಾರ ಪಗಾರವಿಲ್ಲ. ಮನೆಯವರು ಐದು ಜನ, ಅದರಲ್ಲಿ ಒಂದು ಕೈಗೂಸು, ಆ ಮಳೆಗಾಲವನ್ನು ಸೋರುವ ತಗಡಿನ ಕೆಳಗೆ ಕಳೆದಿದ್ದರು.

ಗೌಂಡಿಯ ಮಾತಿನಲ್ಲಿ ಸಿಟ್ಟಿರಲಿಲ್ಲವಂತೆ. ಮಳೆಯ ಸಂಗತಿ ಹೇಳುವಂತೆ ಹೇಳಿದನು. ಸಿಟ್ಟಿದ್ದಿದ್ದರೆ ತನಗೆ ಇಷ್ಟು ನೋವಾಗುತ್ತಿರಲಿಲ್ಲವೆಂದು ನನ್ನ ಶಿಷ್ಯನು ಹೇಳಿದನು. ಹೊರಡುವ ಹಿಂದಿನ ಸಂಜೆ ಮನೆಯೊಡತಿಯು ತನಗಿದ್ದ ಮೂರು ಕೋಳಿಗಳಲ್ಲಿ ಎರಡನ್ನು ಕೊಯ್ದು ಅಡಿಗೆ ಮಾಡಿ, ಹನ್ನೆರಡು ಜನಕ್ಕೂ ಬಡಿಸಿದಳು.

ಆ ವರ್ಷದ ಕ್ರಿಸ್ತಜಯಂತಿಗೆ ಊರಿಗೆ ಬಂದವನು ನನ್ನನ್ನು ಕಾಣಲು ಬಂದನು. ತಾಯಿಗೆ ಚಿತ್ರಗಳನ್ನು ತೋರಿಸಿದ್ದನೇ ಹೊರತು ಈ ಸಂಗತಿಯನ್ನು ಹೇಳಿರಲಿಲ್ಲ. “ಗುರುಗಳೆ, ಅವ್ವನ ಹಣವನ್ನು ನಾನು ನನ್ನ ಸಂತೋಷಕ್ಕೆ ಖರ್ಚುಮಾಡಿದಂತಾಯಿತೆ?” ಎಂದು ಕೇಳಿದನು. ಅವನ ಕೈಯಲ್ಲಿ ಲೆಕ್ಕವೂ ಇತ್ತು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು, ಅವರೂ ಕ್ರೈಸ್ತರೇ, ಹೊಂಡುರಾಸಿನಲ್ಲಿಯೇ ನೆಲಸಿದವರು, ೨೦೦೬ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ೧೯೯೮ರ ‘ಮಿಚ್’ ಚಂಡಮಾರುತದ ತರುವಾಯ ಅಲ್ಲಿ ಪರದೇಶದ ತಂಡಗಳು ಕಟ್ಟಿದ ಮನೆಗಳೂ ಇದ್ದುವು, ಸ್ಥಳದ ಸಂಸ್ಥೆಗಳು ಕಟ್ಟಿದ ಮನೆಗಳೂ ಇದ್ದುವು. ಸ್ಥಳದವರು ಕಟ್ಟಿದರೆ ಮನೆಯೊಂದಕ್ಕೆ ಸುಮಾರು ೨,೦೦೦ ಡಾಲರು. ತಂಡವೊಂದು ಬಂದು ಕಟ್ಟಿದರೆ ಪ್ರಯಾಣವೂ ಸೇರಿ ಸುಮಾರು ೩೦,೦೦೦. ಆ ಮನೆಗಳಲ್ಲಿ ವಾಸಿಸುವವರ ಬಾಳಿನಲ್ಲಿ ಮಾತ್ರ ಇವೆರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರು ತಮ್ಮ ಬಾಳು ಬದಲಾಯಿತೆಂದು ಹೇಳಿಕೊಂಡರು. ಅವರು ಆಮೇಲೆ ಕೊಟ್ಟ ಕಾಣಿಕೆಗಳ ಲೆಕ್ಕದಲ್ಲಿ ಆ ಬದಲಾವಣೆ ಹೆಚ್ಚಾಗಿ ತೋರಲಿಲ್ಲ.

ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಹೇಳುವುದು ನನ್ನ ವಿದ್ಯೆಯಲ್ಲ. ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆ ಬೇಕೆಂದು ಗೀತೆಯಲ್ಲಿ ಹೇಳಿದೆ. ಇಲ್ಲಿ ದೇಶವೂ ಸರಿ, ಪಾತ್ರವೂ ಸರಿ, ಕೆಟ್ಟದ್ದು ಕಾಲ. ಪಡೆಯುವವನ ಮಳೆಗಾಲವನ್ನು ನೋಡದೆ ಕೊಡುವವನ ರಜೆಯನ್ನು ನೋಡಿ ಮುಹೂರ್ತವಿಟ್ಟರು. ತೈತ್ತಿರೀಯ ಉಪನಿಷತ್ತು ಇನ್ನೂ ಮುಂದೆ ಹೋಗಿ, ಕೊಡುವವನಿಗೆ ಲಜ್ಜೆಯೂ ಇರಬೇಕು, ಅಂಜಿಕೆಯೂ ಇರಬೇಕು, ಸಂವಿತ್ತೂ ಇರಬೇಕು ಎನ್ನುತ್ತದೆ. ಸಂವಿತ್ತೆಂದರೆ ಅರಿವು, ಸ್ನೇಹವೇ ಮೊದಲಾದ ನಡತೆಯೆಂದು ಶಂಕರಾಚಾರ್ಯರ ಭಾಷ್ಯ. “ತಮ್ಮಾ, ಅರಿವೂ ಸ್ನೇಹವೂ ಒಂದೇ ಶಬ್ದದೊಳಗೆ ಸೇರಿದ್ದು ಸುಮ್ಮನೆ ಅಲ್ಲ. ಆರನೆಯ ದಿನ ನಿನಗೆ ತಿಳಿದದ್ದು ಒಂದು ಶಬ್ದ. ಆ ಒಂದು ಶಬ್ದದಿಂದ ನಿನಗೆ ದೊರಕಿದ ಅರಿವು, ಐದು ದಿನ ಇಟ್ಟಿಗೆ ಹೊತ್ತುದರಿಂದ ದೊರಕಲಿಲ್ಲ,” ಎಂದೆನು.

ಅವನು ಮೇಜಿನ ಮೇಲಿದ್ದ ಕಿಟ್ಟೆಲ್ ಕೋಶವನ್ನು ನೋಡಿ ನಕ್ಕನು. ನಾನು ಹೇಳಬೇಕೆಂದಿದ್ದುದು ಅವನಿಗೆ ತಿಳಿದುಹೋಯಿತು. ಫರ್ಡಿನಂಡ್ ಕಿಟ್ಟೆಲ್ ಪಂಡಿತರು ಬಾಸೆಲ್ ಮಿಷನ್ನಿನಿಂದ ೧೮೫೩ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ೨೧ ವರ್ಷ. ನನ್ನ ಶಿಷ್ಯನಿಗಿಂತಲೂ ಕಿರಿಯರು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಂದವರು ಕನ್ನಡದ ಮುಂದೆ ಶಿಷ್ಯರಾಗಿ ಕುಳಿತರು. ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಅಚ್ಚುಹಾಕಿಸಿದರು. ಕೋಶವು ಮಂಗಳೂರಿನಲ್ಲಿ ಪ್ರಕಟವಾದುದು ೧೮೯೪ರಲ್ಲಿ, ಎಂದರೆ ಅವರು ಇಲ್ಲಿಗೆ ಬಂದ ನಲವತ್ತೊಂದು ವರ್ಷಗಳ ಮೇಲೆ. ಹತ್ತು ದಿನಗಳ ಪ್ರವಾಸಿಯನ್ನು ಅವರೊಡನೆ ತೂಗುವುದು ನ್ಯಾಯವಲ್ಲ. ಆದರೂ ಪರದೇಶದ ನೆಲದಲ್ಲಿ ಮೊದಲು ಕಲಿಯುವವನಾಗಬೇಕೆಂಬ ಮಾತು ಹತ್ತು ದಿನಕ್ಕೂ ಸಲ್ಲುತ್ತದೆ, ನಲವತ್ತು ವರ್ಷಕ್ಕೂ ಸಲ್ಲುತ್ತದೆ.

ಅವನೂ ತನ್ನ ಗ್ರಂಥದಿಂದ ಒಂದು ಪ್ರಸಂಗವನ್ನು ನೆನಪಿಸಿದನು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸುವು ಶಿಷ್ಯರನ್ನು ಇಬ್ಬಿಬ್ಬರಂತೆ ಊರೂರಿಗೆ ಕಳುಹಿಸುತ್ತಾನೆ. ಹಣದ ಚೀಲ ಬೇಡ, ಜೋಳಿಗೆ ಬೇಡ. ಒಂದೇ ಮನೆಯಲ್ಲಿ ತಂಗಬೇಕು, ಬಡಿಸಿದ್ದನ್ನು ಉಣ್ಣಬೇಕು. “ನಾವು ಎಲ್ಲವನ್ನೂ ಹೊತ್ತುಕೊಂಡು ಹೋದೆವು, ಗುರುಗಳೆ, ಅವರು ಬರಿಗೈಯಲ್ಲಿ ಹೋಗಿದ್ದರು,” ಎಂದನು. ಎರಡು ಗ್ರಂಥಗಳೂ ಒಂದೇ ಮಾತಿಗೆ ಬಂದು ನಿಂತದ್ದನ್ನು ಕಂಡು ನನಗೆ ಸಂತೋಷವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಲಭವಾಗಿರುತ್ತಿತ್ತು. ಮರುವರ್ಷ, ೨೦೨೩ರಲ್ಲಿ, ಅವನು ತನ್ನ ಸಭೆಯ ಹಿರಿಯರೊಡನೆ ವಾದಿಸಿ, ತಂಡವನ್ನು ನಿಲ್ಲಿಸಿ ಹಣವನ್ನೇ ಕಳುಹಿಸುವಂತೆ ಮಾಡಿದನು. ಆಗ ಎರಡು ಸಂಗತಿಗಳು ನಡೆದುವು. ಒಂದನೆಯದು, ಹೋಗುವವರು ಇಲ್ಲವೆಂದ ಕೂಡಲೇ ಕೊಡುವವರೂ ಕಡಿಮೆಯಾದರು. ಹಿಂದಿನ ವರ್ಷದ ಮೂರರಲ್ಲಿ ಒಂದು ಪಾಲಷ್ಟೇ ಕೂಡಿತು. ಆದರೂ ಅಷ್ಟರಿಂದಲೇ ಆ ಗೌಂಡಿಯು ಮಳೆಗೆ ಮೊದಲು ಎರಡು ಮನೆಗಳನ್ನು ಕಟ್ಟಿ ಮುಗಿಸಿದನು, ಪಗಾರವನ್ನೂ ಪಡೆದನು. ಎರಡನೆಯದು, ಆ ಕೋಳಿ ಕೊಯ್ದ ತಾಯಿಯು ಊರಿನ ಪಾದ್ರಿಯ ಮೂಲಕ ಹೇಳಿಕಳುಹಿಸಿದಳು: ಮನೆಗಳಾದುವು, ಸಂತೋಷ, ರೊಟ್ಟಿ ತಿನ್ನುತ್ತಿದ್ದ ಹುಡುಗನು ಏಕೆ ಬರಲಿಲ್ಲ? ನಾವು ಏನಾದರೂ ಮನನೋಯಿಸಿದೆವೆ?

ಈ ಎರಡನೆಯ ಪ್ರಶ್ನೆಗೆ ಯಾವ ಶೋಧನೆಯ ಲೆಕ್ಕದಲ್ಲಿಯೂ ಸ್ಥಳವಿಲ್ಲ. ತನ್ನ ಮೂರು ಕೋಳಿಗಳಲ್ಲಿ ಎರಡನ್ನು ಕೊಟ್ಟವಳು ಅವಳು. ಅಂದು ದಾನಿಯಾಗಿದ್ದವಳು ಅವಳೇ. ಹಣವನ್ನು ಮಾತ್ರ ಕಳುಹಿಸಿದಾಗ ಅವಳಿಗೆ ಮನೆಗಳ ಸುದ್ದಿ ಮುಟ್ಟಿತು. ಕೊಡುವ ಸೌಭಾಗ್ಯ ತಪ್ಪಿತು. ಬಡವನಿಂದ ಅನ್ನವನ್ನು ಪಡೆಯಲಾರದವನು ಅವನಿಗೆ ಮನೆಯನ್ನು ಕೊಟ್ಟರೂ ಅವನನ್ನು ಕೆಳಗೇ ನಿಲ್ಲಿಸಿದಂತಾಗುವುದು.

ಶಿಷ್ಯನು ಒಂದು ವರ್ಷ ಸ್ಪೇನಿನ ಭಾಷೆಯನ್ನು ಕಲಿತು, ೨೦೨೪ರಲ್ಲಿ ಒಬ್ಬ ಗೆಳೆಯನೊಡನೆ ಸ್ವಂತ ಹಣದಿಂದ ಹೋದನು. ಮನೆಯ ಹಣವನ್ನು ಏಪ್ರಿಲಿನಲ್ಲಿಯೇ ಗೌಂಡಿಗೆ ಕಳುಹಿಸಿಯಾಗಿತ್ತು. ಕರಣೆ ಹಿಡಿಯಲಿಲ್ಲ. ಒಂದೇ ಮನೆಯಲ್ಲಿ ತಂಗಿದನು, ಬಡಿಸಿದ್ದನ್ನು ಉಂಡನು, ಕಾಫಿಯ ಗಿಡಗಳ ಕಳೆ ಕಿತ್ತನು. ಈ ಸಲ ತಾಯಿಗೆ ಎಲ್ಲವನ್ನೂ ಹೇಳಿದನಂತೆ. “ಮೊದಲನೆಯ ಸಲ ನಾನು ಕೊಟ್ಟ ಹಣ ಶುಲ್ಕವೆಂದು ತಿಳಿದುಕೋ, ಮಗು, ಪಾಠವಾಯಿತಲ್ಲ,” ಎಂದು ಆಕೆ ಹೇಳಿದಳೆಂದು ನನಗೆ ಬರೆದನು. ಸಭೆಯ ಉಳಿದವರಿಗೆ ಇದು ರುಚಿಸಿಲ್ಲ. ಮಾಡಲು ಕೆಲಸವಿಲ್ಲದ ಮೇಲೆ ಹೋಗುವುದೇತಕ್ಕೆ ಎಂದು ಅವರ ವಾದ. ಆ ವಾದವಿನ್ನೂ ಮುಗಿದಿಲ್ಲ.

ಈಗ ನಮ್ಮ ಮನೆಗಳ ಮಕ್ಕಳೂ ದೂರದೇಶಗಳಲ್ಲಿದ್ದಾರೆ. ಯಾವ ಮತದವರಾದರೂ ಸೇವೆಯ ಹಂಬಲ ಅವರಲ್ಲಿ ಹುಟ್ಟುವುದುಂಟು. ಅಂಥ ಮಗನೋ ಮಗಳೋ ಹಣ ಕೇಳಿದರೆ ತಾಯಿತಂದೆಗಳು ಇಲ್ಲವೆನ್ನಬಾರದು. ಆದರೆ ಕೊಡುವ ಮುನ್ನ ಒಂದೆರಡು ಮಾತು ಕೇಳಬಹುದು. ಹೋಗುವ ದಿನವನ್ನು ಗೊತ್ತುಮಾಡಿದವರು ಯಾರು, ನೀವೋ ಅವರೋ? ನೀನು ಮಾಡಹೊರಟ ಕೆಲಸದಿಂದ ಅಲ್ಲಿ ಯಾರ ಪಗಾರವಾದರೂ ತಪ್ಪುವುದೆ? ಅಲ್ಲಿಯ ನುಡಿಯಲ್ಲಿ ನಿನಗೆ ಎಷ್ಟು ಮಾತು ಬರುತ್ತದೆ? ಅವರು ಬಡಿಸಿದರೆ ಉಣ್ಣುವೆಯಾ? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಬಂದರೆ, ಸಂತೋಷದಿಂದ ಗಂಟು ಬಿಚ್ಚಬಹುದು.